ಕನ್ನಡಿ ಕಪಾಟಿನ ಕಾಲು

ಎಂ.ಎ. ಓದುತ್ತಿದ್ದಾಗಿನ ನನ್ನ ದಿನಚರಿಯಲ್ಲಿ ಒಂದು ಸಾಲಿದೆ: ‘ಅವ್ವನ ಕನ್ನಡಿ ಕಪಾಟಿನ ಕಾಲು ಕೊಯ್ದವನಿಗೆ ಅವಳ ಬಗ್ಗೆ ಏನು ಗೊತ್ತು?’ ಕೊಯ್ದವನು ನನ್ನ ಅಣ್ಣ. ಸಣ್ಣವನಿದ್ದಾಗ ಕ್ರಿಕೆಟ್ ಸ್ಟಂಪು ಮಾಡಿಕೊಳ್ಳಲು ನಾಲ್ಕೂ ಕಾಲು ಕೊಯ್ದ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ನಾನಂತೂ ಕಣ್ಣಾರೆ ನೋಡಿದ್ದೆ. ಅವನು ಹಿತ್ತಲಲ್ಲಿ ಮೊಣಕಾಲೂರಿ ಕೂತದ್ದು, ಕಪಾಟಿನ ಕಾಲಿನ ತುದಿಯ ಹಿತ್ತಾಳೆ ಟೊಪ್ಪಿಗೆ ಬಿಸಿಲಿಗೆ ಹೊಳೆದದ್ದು.

ಕಪಾಟು ಅವ್ವನ ತವರಿನವರು ಮದುವೆಯಲ್ಲಿ ಕೊಟ್ಟದ್ದು. ಖಾನಾಪುರದ ಸಾಗವಾನಿ, ಮೂರು ಡ್ರಾವರು, ಮೇಲೆ ದುಂಡು ಕನ್ನಡಿ. ಹೋದ ವರ್ಷ ಅವ್ವ ರಾಮತೀರ್ಥ ನಗರದ ನನ್ನ ಮನೆಗೆ ಬಂದಾಗ ಅದೂ ಬಂತು. ಅವಳ ಮೊಣಕಾಲು ಸವೆದಿವೆ, ನೆಲಕ್ಕೆ ಕೂರಲಾರಳು. ಕುರ್ಚಿಯಲ್ಲಿ ಕೂತರೂ ಮುಖ ಕಾಣದು, ನಿಂತರೆ ಆ ಗಿಡ್ಡ ಕಪಾಟಿನ ಕನ್ನಡಿಯಲ್ಲಿ ಸೀರೆಯ ನಿರಿಗೆ ಮಾತ್ರ ಕಾಣುತ್ತದೆ. ಬಚ್ಚಲಿನ ಕನ್ನಡಿಯ ಮುಂದೆ ಗೋಡೆ ಹಿಡಿದು ತಲೆ ಬಾಚಿಕೊಳ್ಳುವಾಗ ಒಂದು ದಿನ ಜಾರಿದಳು. ಸದ್ಯ, ಎಲುಬು ಮುರಿಯಲಿಲ್ಲ.

ಅವತ್ತು ಅಣ್ಣನಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. ಅವನು ಕೋಟೆಯ ಹತ್ತಿರ ಇರುತ್ತಾನೆ, ಹತ್ತು ನಿಮಿಷದ ದಾರಿ. ಹೊಸ ಟೇಬಲ್ ಕೊಡಿಸುತ್ತೇನೆ, ಆ ಡಬ್ಬಾ ಒಗೆದುಬಿಡು ಎಂದ. ಕೊಯ್ದವನೂ ನೀನೇ, ಒಗಿ ಅನ್ನುವವನೂ ನೀನೇ ಎಂದು ಫೋನು ಇಟ್ಟೆ. ಅವ್ವ ಹೊಸದನ್ನು ಒಲ್ಲೆ ಅಂದಳು. ಕನ್ನಡಿ ನೋಡಿಕೊಳ್ಳುವುದಾದರೆ ಅದರಲ್ಲೇ.

ಟೆಂಪೋದಲ್ಲಿ ಹಾಕಿಸಿಕೊಂಡು ಖಾನಾಪುರಕ್ಕೆ ಹೋದೆ. ಹಲಸಿಯ ಹಾದಿಯಲ್ಲಿ ಒಬ್ಬ ಬಡಿಗ ಹಳೆಯ ಸಾಗವಾನಿ ಚೌಕಟ್ಟುಗಳನ್ನು ಕೂಡಿಟ್ಟು ರಿಪೇರಿ ಮಾಡುತ್ತಾನೆ ಎಂದು ಕೇಳಿದ್ದೆ. ನನ್ನ ವಾರಿಗೆಯವನು, ಅರ್ಧ ಮರಾಠಿ ಅರ್ಧ ಕನ್ನಡದ ಮನುಷ್ಯ. ಒಂದಡಿ ಎತ್ತರದ ನಾಲ್ಕು ಕಾಲು, ತುದಿಗೆ ಹಿತ್ತಾಳೆ ಟೊಪ್ಪಿಗೆ, ಮೊದಲು ಹೇಗಿತ್ತೋ ಹಾಗೆ ಎಂದೆ. ಅಣ್ಣನ ಕಥೆಯನ್ನೂ ಹೇಳಿದೆ. ಯಾರಿಗೆ ತಾನೇ ಹೇಳಿಲ್ಲ. ಅವನು ಗೋಣಿತಟ್ಟಿನ ಮೇಲೆ ಕಪಾಟನ್ನು ಬೋರಲು ಹಾಕಿ, ಉಳಿದಿದ್ದ ಮೊಂಡು ತುಂಡುಗಳ ಮೇಲೆ ಹೆಬ್ಬೆರಳು ಆಡಿಸಿದ.

“ಹುಡುಗುರು ಕೊಯ್ದದ್ದಲ್ಲರಿ ಬಾಯಾರ. ಮಟ್ಟ ನೋಡ್ರಿ, ನಾಕೂ ಬಾಜು ಒಂದಽ ಲೆಕ್ಕ. ಕೊಯ್ದ ಮ್ಯಾಲ ಪಾಲಿಶ್ ಸುದ್ದಾ ಹೊಡದಾರ.”

ನಾನು ನೋಡಿದ್ದೇನೆ ಎಂದೆ, ದನಿ ಏರಿಸಿಯೇ.

“ನೀವು ನೋಡಿರಬೌದ್ರಿ. ಕಟಗಿ ಹಂಗ ಹೇಳವಲ್ದು.”

ಇತಿಹಾಸ ಓದಿದವಳು ನಾನು. ಸಾಕ್ಷಿ ಯಾರು ಹೇಳಿದರು, ಯಾವಾಗ ಹೇಳಿದರು, ಅವರಿಗೇನು ಲಾಭ ಎಂದು ಕೇಳಲು ಮಕ್ಕಳಿಗೆ ಕಲಿಸಿದವಳು. ಬಡಿಗನ ಮೇಲೆ ಬಂದ ಸಿಟ್ಟಿಗೆ ಕಪಾಟು ವಾಪಸು ಒಯ್ಯುವಷ್ಟಾಗಿತ್ತು. ಅವನು ನನ್ನ ಒಂದಡಿಯನ್ನೂ ಬರೆದುಕೊಳ್ಳಲಿಲ್ಲ. ತನ್ನಪ್ಪ ಕನ್ನಡಿ ಸಾಮಾನಿಗೆ ಅಡಿ ಲೆಕ್ಕ ಹಿಡಿಯುತ್ತಿರಲಿಲ್ಲವಂತೆ, ಮುಂದೆ ಕೂರುವವರನ್ನೇ ಅಳೆಯುತ್ತಿದ್ದನಂತೆ. ಸುತಳಿ ದಾರದ ತುಂಡೊಂದನ್ನು ಕೈಗಿಟ್ಟು, ಅಮ್ಮಾರನ್ನು ಅವರ ಕುರ್ಚಿಯ ಮೇಲೆ ಕೂರಿಸಿ, ನೆಲದಿಂದ ಕಣ್ಣಿನ ಮಟ್ಟಕ್ಕೆ ಗಂಟು ಹಾಕಿಕೊಂಡು ಬನ್ನಿ ಎಂದ.

ಮರುದಿನ ಬೆಳಿಗ್ಗೆ ಅವ್ವನನ್ನು ಕೂರಿಸಿದೆ. ಸುತಳಿಯ ತುದಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಆ ಮನುಷ್ಯನ ಮಾತನ್ನು ಅಣಕಿಸಿ ಹೇಳಿದೆ. ಅವ್ವ ನಗಲಿಲ್ಲ.

“ಖರೇ ಹೇಳ್ಯಾನ. ನಾನಽ ಕೊಯ್ಸಿದ್ದು. ನೀವಿಬ್ಬರೂ ಇನ್ನಾ ಹುಟ್ಟಿರಲಿಲ್ಲ.”

ಮದುವೆಯಾಗಿ ಬಂದ ಮೊದಲ ವಾರ ಅವಳು ಕುರ್ಚಿ ಎಳೆದು ಕಪಾಟಿನ ಮುಂದೆ ಕೂತಿದ್ದಾಳೆ. ಸೊಸೆ ಕುರ್ಚಿ ಹತ್ತಿ ಕೂತು ಮಾರಿ ನೋಡಿಕೊಂಡರೆ ಮನೆ ಉಳಿದೀತೇ ಎಂದು ನಮ್ಮ ಆಯಿ, ಅಪ್ಪನ ತಾಯಿ, ಓಣಿಗೆ ಕೇಳುವಂತೆ ಅಂದಿದ್ದಾಳೆ. ನೆಲಕ್ಕೆ ಕೂತರೆ ಕನ್ನಡಿ ಎಟುಕದು. ಅವ್ವ ಬಡಿಗನನ್ನು ಕರೆಸಿ ಕಾಲು ಕೊಯ್ಸಿ ಕನ್ನಡಿಯನ್ನೇ ಕೆಳಗಿಳಿಸಿಕೊಂಡಳು. ಇದನ್ನು ಅವಳು ಗೆದ್ದವಳ ಹಾಗೆ ಹೇಳಿದಳು. ನನಗೆ ಮೈ ಉರಿಯಿತು.

ಹಾಗಾದರೆ ಅಣ್ಣ? ವರ್ಷಗಳ ಮೇಲೆ ಸೋದರಮಾವ ಬಂದವನು, ನಾವು ಕೊಟ್ಟ ಕಪಾಟಿನ ಕಾಲೆಲ್ಲಿ ಎಂದು ಕೇಳಿದ. ಬೀಗರ ಮುಂದೆ ಮರ್ಯಾದೆ ಉಳಿಸಿಕೊಳ್ಳಲು ಆಯಿ ಅಣ್ಣನ ಹೆಸರು ಹೇಳಿದಳು.

“ಖರೇ ಅನಸ್ಲಿ ಅಂತ ನಿಮ್ಮ ಆಯಿ ಅವನ್ನ ಹಿತ್ತಲಕ್ಕ ಕರ್ಕೊಂಡು ಹೋಗಿ ಕೋಲಿಲೆ ಎರಡು ಹೊಡದ್ರು.”

“ನೀ ಏನ್ ಮಾಡಿದಿ?”

“ಸುಮ್ನ ನಿಂತಿದ್ದೆ.”

ಟೊಪ್ಪಿಗೆಯ ಬಗ್ಗೆ ಕೇಳಿದೆ. ಕಪಾಟಿನ ಕಾಲಿಗೆ ಹಿತ್ತಾಳೆ ಯಾವತ್ತೂ ಇರಲಿಲ್ಲವಂತೆ. ಇದ್ದದ್ದು ಆಯಿಯ ಕೋಲಿಗೆ. ಹಾಗಾದರೆ ನಾನು ನೋಡಿದ್ದು ಅಣ್ಣ ಕೊಯ್ಯುವುದನ್ನಲ್ಲ, ಏಟು ತಿನ್ನುವುದನ್ನು. ಅಥವಾ ಇದನ್ನೂ ಈಗ ಅವ್ವನ ಮಾತು ಕೇಳಿ ಕಟ್ಟಿಕೊಳ್ಳುತ್ತಿದ್ದೇನೋ, ಬಲ್ಲವರಾರು? ಅಷ್ಟು ವರ್ಷ ನಾನು ಬರೆದಿಟ್ಟದ್ದನ್ನೇ ಓದಿ ಓದಿ ಅವನ ಮೇಲೆ ಹಲ್ಲು ಕಡಿದದ್ದು ಮಾತ್ರ ನಿಜ.

ಅಣ್ಣನಿಗೆ ಫೋನು ಮಾಡಿ, ನೀನು ಕೊಯ್ದಿರಲಿಲ್ಲ ಎಂದೆ.

“ಕೊಯ್ದಿರಬೇಕಲೇ. ಇಲ್ಲಾಂದ್ರ ಯಾಕ ಹೊಡಸ್ಕೊಂಡೆ?”

ತಪ್ಪಾಯಿತು ಎನ್ನಬೇಕಿತ್ತು. ಫೋನು ಇಟ್ಟುಬಿಟ್ಟೆ. ಯಾರ ಮೇಲೆಂದು ತಿಳಿಯದ ಸಿಟ್ಟಿನಲ್ಲಿ ನಡುಮನೆಗೆ ಹೋಗಿ ಗೋಡೆಯ ಮೇಲಿದ್ದ ಆಯಿಯ ಫೋಟೋವನ್ನು ಮೊಳೆ ಸಮೇತ ಕಿತ್ತು, ಮಂಚದ ಕೆಳಗೆ ತಳ್ಳಿದೆ. ಆ ಮುದುಕಿ ನನ್ನನ್ನು ಎಷ್ಟು ಮುದ್ದು ಮಾಡಿದ್ದಳು ಎಂಬುದು ಆಗ ನೆನಪಾಗಿ ಮತ್ತಷ್ಟು ಸಿಟ್ಟು ಬಂತು. ಅವ್ವ ಕೂತಲ್ಲಿಂದಲೇ ನೋಡಿದಳು. ಸುತಳಿಯ ಗಂಟನ್ನು ಒಂದು ಬೆರಳು ಮೇಲೆ ಹಾಕು ಎಂದಳು. ಕುರ್ಚಿಗೆ ದಿಂಬು ಹಾಕಿಕೊಂಡು ಕೂರುತ್ತಾಳಂತೆ.

ಬಡಿಗ ಯಾರದೋ ಹಳೆಯ ಬಾಗಿಲ ಚೌಕಟ್ಟಿನಿಂದ ಕಾಲು ಮಾಡಿದ. ಮೊಂಡು ತುಂಡುಗಳನ್ನು ಬಿಡಿಸಿ, ಹೊಸ ಕಾಲುಗಳನ್ನು ಕೊಂಚ ಹೊರಗೆ ಚಾಚಿ ಕೂಡಿಸಿದ್ದಾನೆ. ಬಣ್ಣ ಮೇಲಿನದಕ್ಕಿಂತ ಒಂದು ಪಾಲು ಕಪ್ಪು. ಟೊಪ್ಪಿಗೆ ಬೇಡ ಎಂದಿದ್ದೆ. ಟೆಂಪೋದಿಂದ ಇಳಿಸಲು ಅಣ್ಣ ಬಂದ. ಒಂದು ಕಡೆ ಅವನು, ಇನ್ನೊಂದು ಕಡೆ ನಾನು ಹಿಡಿದು ನಡುಮನೆಗೆ ತಂದೆವು. ಅವನು ಬಗ್ಗಿ ಒಂದು ಕಾಲನ್ನು ಹಿಡಿದು ಅಲ್ಲಾಡಿಸಿ ನೋಡಿದ, ಅಲ್ಲಾಡಲಿಲ್ಲ.

ಅವ್ವ ಕುರ್ಚಿಗೆ ದಿಂಬು ಹಾಕಿ ಕೂತಳು. ಹಣೆಯಿಂದ ಕೊರಳ ಲಿಂಗದವರೆಗೆ ಇಡೀ ಅವ್ವ ಕನ್ನಡಿಯಲ್ಲಿದ್ದಳು. ವಿಭೂತಿ ಹಚ್ಚಿಕೊಂಡು, ಬಾಚಣಿಕೆ ಕೈಗೆತ್ತಿಕೊಂಡವಳು ಹಿಂದಿನ ಖಾಲಿ ಗೋಡೆಯನ್ನು ಕನ್ನಡಿಯೊಳಗಿಂದಲೇ ನೋಡಿ, ಆಯಿಯ ಫೋಟೋ ತರಲು ಹೇಳಿದಳು. ನಾನು ಒಲ್ಲೆ ಎಂದೆ.

“ತಂದು ಅಲ್ಲಿ ಹಾಕು,” ಎಂದಳು. “ನೋಡ್ಲಿ.”

ಅಣ್ಣನೇ ಹೋಗಿ ಮೊಳೆ ಹೊಡೆದ.