ಟೇಪಿನ ಹೆಸರು

ಈರೀ ಸರೋವರದ ದಂಡೆಯ ನಮ್ಮೂರಲ್ಲಿ ನಮ್ಮದೇ ಅಮೆರಿಕನ್ ಫುಟ್ಬಾಲ್ ತಂಡವನ್ನು ನಂಬದವರು ಬೇಕಾದಷ್ಟು ಜನ ಇದ್ದಾರೆ, ಆದರೆ ಕಾಸಿಮಿರ್ ನೊವಿಟ್ಸ್ಕಿಯಷ್ಟು ಶ್ರದ್ಧೆಯಿಂದ ನಂಬದವನು ಇನ್ನೊಬ್ಬನಿಲ್ಲ. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಈ ಸಲದ ಡ್ರಾಫ್ಟಿನಲ್ಲಿ ನಮ್ಮವರು ಮೊದಲ ಸುತ್ತಿನಲ್ಲೇ ಪೆಟಿಗ್ರೂ ಎಂಬ ಹೊಸ ಡಿಫೆಂಡರನ್ನು ಆರಿಸಿಕೊಂಡರು; ಅಂದಿನಿಂದ ಕಾಸಿಮಿರನ ಕಣ್ಣು ಚೆಂಡಿನ ಮೇಲಿಲ್ಲ, ಆ ಹುಡುಗನ ಕಾಲಿನ ಮೇಲಿದೆ. ಲೋರ್ನಾಳ ಬಾರಿನಲ್ಲಿ ಟಿವಿಯ ಕೆಳಗೇ ಪೊಲೀಸಿನವನ ಹಾಗೆ ಕೂತಿರುತ್ತಾನೆ, ತಟ್ಟೆಯ ಆಲೂಗಡ್ಡೆ ಕಡುಬು ಆರಿದರೂ ಮುಟ್ಟುವುದಿಲ್ಲ. ಪೆಟಿಗ್ರೂ ಎದುರಾಳಿಯನ್ನು ಕೆಡವಿದರೆ, "ಅವನು ತಾನೇ ಎಡವಿಬಿದ್ದ ಕಣಯ್ಯ" ಅನ್ನುತ್ತಾನೆ. ಕೆಡವದಿದ್ದರೆ, "ನಾನು ಹೇಳ್ಲಿಲ್ವಾ?" ಸಂದರ್ಶನದಲ್ಲಿ ನಕ್ಕರೆ, "ಮೊದಲ ಸುತ್ತಿನವನಿಗೆ ನಗೋಕೆ ಪುರುಸೊತ್ತೆಲ್ಲಿ?" ಅಂತ ಅದಕ್ಕೂ ಅನುಮಾನ. ಇಷ್ಟಾದರೂ ಕಾಸಿಮಿರನ ಜರ್ಸಿಯ ಬೆನ್ನ ಮೇಲೆ ಆ ಹುಡುಗನದೇ ಹೆಸರು. ಹೊಲಿಸಿದ್ದಲ್ಲ, ಬಿಳಿ ಟೇಪು ಅಂಟಿಸಿ ಬರೆದದ್ದು. "ಹೊಲಿಸಬಾರದೇನೋ, ಜಿಪುಣ?" ಎಂದು ಲೋರ್ನಾ ಕೆಣಕಿದಳು. "ಮೊದಲು ಅವನು ಯೋಗ್ಯತೆ ತೋರಿಸ್ಲಿ. ಟೇಪಾದ್ರೆ ಕೀಳೋದು ಸುಲಭ" ಅಂದ. ನವೆಂಬರಿನಲ್ಲಿ ಪೆಟಿಗ್ರೂವಿನ ಮಂಡಿಗೆ ಪೆಟ್ಟಾಗಿ ಅವನ ಈ ವರ್ಷದ ಆಟವೇ ಮುಗಿಯಿತು. "ಮೊದಲ ಸುತ್ತು ದಂಡ ಆಯ್ತು" ಎಂದು ಬಾರಿನಲ್ಲಿದ್ದವರೆಲ್ಲ ಬೈದೆವು. ಕಾಸಿಮಿರ್ ಮಾತ್ರ ಕೋಟು ಹಾಕಿಕೊಂಡು ಮನೆಗೆ ಹೊರಟ. ಮುಂದಿನ ಭಾನುವಾರ ಅವನು ಬಂದು ಕೋಟು ಕಳಚಿದಾಗ ಬೆನ್ನ ಮೇಲೆ ಟೇಪಿರಲಿಲ್ಲ. ಹೆಸರು ಮಾತ್ರ ಇತ್ತು, ಸೊಟ್ಟಸೊಟ್ಟಗೆ, ಕೈಹೊಲಿಗೆಯಲ್ಲಿ. ನಾವೆಲ್ಲ ಅದನ್ನೇ ನೋಡುತ್ತಿರುವುದು ಗೊತ್ತಾಗಿ, "ಏನ್ ನೋಡ್ತೀರಾ? ಈ ಚಳಿಗೆ ಟೇಪು ಅಂಟಲ್ಲ, ಅಷ್ಟೇ" ಎಂದು ಸಿಡುಕಿದ.