ಅಳತೆ ಪುಸ್ತಕದಲ್ಲಿ ಕೆಂಚಿ

ರುದ್ರೇಶ್ ಮಾಸ್ಟರ್ ಕೊರಳಲ್ಲಿ ಟೇಪು ಇಲ್ಲದೆ ಇದ್ದದ್ದನ್ನು ನಾನು ಕಂಡದ್ದು ಒಂದೇ ಸಲ. ನ್ಯಾಮತಿಯಲ್ಲಿ ಅವರದು ಟೈಲರ್ ಅಂಗಡಿ. ಭಾನುವಾರ ಮಧ್ಯಾಹ್ನ ಮೇಜಿನ ಮೇಲೆ ಕಪ್ಪು ಲೈನಿಂಗ್ ಬಟ್ಟೆ ಹಾಸಿ, ಸೀಮೆಸುಣ್ಣದಲ್ಲಿ ಕಾಡು, ಕೋಟೆ, ಕಣಿವೆ ಬರೆದು ನಮ್ಮ ನಾಲ್ವರನ್ನು ಆಟಕ್ಕೆ ಕೂರಿಸುತ್ತಿದ್ದರು. ನಾವು ಒಂದೊಂದು ಪಾತ್ರವಾಗುವುದು, ಮಾಸ್ಟರ್ ಕಥೆ ನಡೆಸುವುದು, ಇಪ್ಪತ್ತು ಮುಖದ ದಾಳ ಬಿದ್ದಂತೆ ಬದುಕುವುದು ಇಲ್ಲವೇ ಸಾಯುವುದು.

ಪಾತ್ರಗಳನ್ನೂ ಗಿರಾಕಿಗಳ ಅಳತೆ ಪುಸ್ತಕದಲ್ಲೇ ಬರೆಯುತ್ತಿದ್ದರು. ನನ್ನ ಯೋಧೆ ಕೆಂಚಿಯ ಭುಜ, ಎದೆ, ತೋಳು ಎಲ್ಲ ಕೇಳಿ ಬರೆದುಕೊಂಡರು. ಒಮ್ಮೆ ಪುಟ ತಪ್ಪಿ ಆ ಅಳತೆಗೆ ಸವಳಂಗದ ಟೀಚರಮ್ಮನ ರವಿಕೆ ಹೊಲಿದುಬಿಟ್ಟರು. ಇದರಾಗೆ ನಾನೂ ನಮ್ಮ ಯಜಮಾನ್ರೂ ಇಬ್ರೂ ಹಿಡೀತೀವಿ ಎಂದು ಆಕೆ ಅದನ್ನು ಮೇಜಿನ ಮೇಲೆ ಹರಡಿದ್ದರು.

ಅಂದು ಕೆಂಚಿಯ ಅಳತೆಯಾದ ಮೇಲೆ, ಅವಳ ಮನೆಯವರು ಯಾರು ಎಂದರು ಮಾಸ್ಟರ್. ಯಾರೂ ಇಲ್ಲ, ಅನಾಥೆ ಎಂದೆ.

"ಯಾರೂ ಇಲ್ದೋಳಿಗೆ ಕೆಂಚಿ ಅಂತ ಹೆಸರಿಟ್ಟೋರು ಯಾರವ್ವ?"

ನಾನು ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದವಳು. ಕತ್ತಿ ಬೀಸಲು ವಂಶಾವಳಿ ಬೇಡ. ಹೊಸಬರನ್ನು ಕಂಡೊಡನೆ ಯಾರ ಪೈಕಿ ಎಂದು ಕೇಳುವ ನಮ್ಮೂರ ಚಟವನ್ನು ರಾಕ್ಷಸರ ಲೋಕಕ್ಕೂ ಯಾಕೆ ತರುತ್ತೀರಿ ಎಂದು ಅರ್ಧ ಗಂಟೆ ವಾದಿಸಿದೆ. ಅವರು ಪುಸ್ತಕದಲ್ಲಿ ಮನೆಯವರ ಸಾಲನ್ನು ಖಾಲಿ ಬಿಟ್ಟರು.

"ಆತು ಬಿಡು ಲಾಯರಮ್ಮ. ಜಾಗ ಐತೆ, ಯಾವಾಗಾದ್ರೂ ಬರ್ಸು."

ಬಿದ್ದ ಪಾತ್ರ ಏಳಬೇಕಾದರೆ ಮನೆಯವರೊಬ್ಬರು ಬಂದು ಮೂರು ಸಲ ಕರೆಯಬೇಕು, ಇದು ಮಾಸ್ಟರ್ ನಿಯಮ. ಎರಡು ವರ್ಷ ಆಡಿಸಿದ ಕೆಂಚಿ ಕಣಿವೆಯ ಕಾಳಗದಲ್ಲಿ ಬಿದ್ದಳು. ನಿಯಮವೇ ಅಸಂಬದ್ಧ ಎಂದು ಶುರು ಮಾಡಿದವಳು, ಅರ್ಧಕ್ಕೇ ಬಿಟ್ಟು ಪುಸ್ತಕದಲ್ಲಿ ಅವಳ ಪುಟದ ಖಾಲಿ ಸಾಲು ನೋಡಿದೆ. ಕಥೆ ನಡೆಸುವವರು ಪಾತ್ರವಾಗುವಂತಿಲ್ಲ, ಅದೂ ಅವರದೇ ನಿಯಮ. ಮಾಸ್ಟರ್ ಅದನ್ನು ಮುರಿದು, ಮೇಜಿಗೆ ಬಾಗಿ, ಮೆಲ್ಲಗೆ ಮೂರು ಸಲ ಕೆಂಚಿಯನ್ನು ಕರೆದರು. ಇವರ್ಯಾರು ಬಂದದ್ದು ಎಂದು ಎದುರಿನ ಗೆಳತಿ ತಕರಾರು ತೆಗೆದಳು.

"ಅವಳಣ್ಣ. ದಾರಿಯಾಗೆ ತಡ ಆತು."

ಕೆಂಚಿ ಎದ್ದಳು. ಅಣ್ಣ ಎಂದು ಪುಸ್ತಕದಲ್ಲಿ ಬರೆಯಲು ಹೋದಾಗ ಮಾತ್ರ ತಡೆದೆ. ನನ್ನ ವಾದ ಸೋತದ್ದಕ್ಕೆ ದಾಖಲೆ ಬೇಡವಾಗಿತ್ತು. ಅವರು ನಕ್ಕು ಪೆನ್ಸಿಲನ್ನು ಕಿವಿಯ ಹಿಂದಿಟ್ಟುಕೊಂಡರು.

ಹೋದ ವರ್ಷ ನಾನು ಜಗಳೂರಿನ ಅಕ್ಕನ ಮನೆಯಲ್ಲಿದ್ದಾಗ ಇಲ್ಲಿ ಮಾಸ್ಟರ್ ಕುಸಿದುಬಿದ್ದರು. ಸುದ್ದಿ ತಿಳಿದು ನಾನು ಆಸ್ಪತ್ರೆ ತಲುಪುವ ಹೊತ್ತಿಗೆ ಮೂರು ದಿನವಾಗಿತ್ತು. ಐಸಿಯು ಬಾಗಿಲಲ್ಲಿ ಕೂತಿದ್ದಾಕೆ, ಮನೆಯವರನ್ನು ಬಿಟ್ಟು ಯಾರನ್ನೂ ಒಳಗೆ ಬಿಡುವುದಿಲ್ಲ ಎಂದಳು.

"ಪೇಶಂಟು ನಿಮಗೇನಾಗ್ಬೇಕ್ರಿ?"

ನನ್ನ ಬಳಿ ವಾದಗಳಿದ್ದವು.

"ಅಣ್ಣ," ಅಂದೆ. ಆಕೆ ರಿಜಿಸ್ಟರಿನಲ್ಲಿ ಬರೆದುಕೊಂಡಳು.

ಒಳಗೆ ಮಾಸ್ಟರ್ ಕೊರಳಲ್ಲಿ ಟೇಪು ಇರಲಿಲ್ಲ. ಕಣ್ಣು ಮುಚ್ಚಿತ್ತು. ಆಟದ ನಿಯಮ ಅಲ್ಲಿ ನಡೆಯುವುದಿಲ್ಲ ಎಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ಬಾಗಿ ಮೂರು ಸಲ ಕರೆದೆ. ತಂಗಿ ಅಣ್ಣನ ಹೆಸರು ಹಿಡಿಯುವಂತಿಲ್ಲ, ಅಣ್ಣಾ ಎಂದೇ ಕರೆದೆ. ಅವರು ಏಳಲಿಲ್ಲ.

ದಾರಿಯಲ್ಲಿ ನನಗೂ ತಡವಾಗಿತ್ತು.