ಅವಳಿ ಹಣ್ಣಿನ ಮರ

ನಮ್ಮ ಫರ್ಗಾನಾ ಕಣಿವೆಯಲ್ಲಿ ಅವಳಿ ಹೆಣ್ಣುಮಕ್ಕಳು ಹುಟ್ಟಿದರೆ ಮೊದಲನೆಯವಳು ಫಾತಿಮಾ, ಎರಡನೆಯವಳು ಜುಹ್ರಾ. ಬೇರೆ ಹೆಸರು ಹುಡುಕುವ ಗೋಜಿಗೇ ಯಾರೂ ಹೋಗುವುದಿಲ್ಲ. ನಮ್ಮ ತೋಟದಲ್ಲಿ ಹೊಸ ಚೆರ್ರಿ ತಳಿ ರೂಪಿಸುವ ಜುಹ್ರಾ ಅಕ್ಕನಿಗೆ ಮಾತ್ರ ಅವಳಿ ಹಣ್ಣು ಕಂಡರಾಗದು. ಬೇಸಿಗೆ ಸುಟ್ಟುರಿದ ಮರುವರ್ಷ ಹಣ್ಣುಗಳು ಎರಡೆರಡು ಅಂಟಿಕೊಂಡು ಬಿಡುತ್ತವೆ. ಅಂಥವನ್ನು ಪೇಟೆಯವರು ಮುಟ್ಟುವುದಿಲ್ಲ. ಅವಳಿ ಬಿಟ್ಟ ಗಿಡವನ್ನು ಅಕ್ಕ ರುಚಿಯೂ ನೋಡದೆ ಕಡಿಸುತ್ತಿದ್ದಳು. ಅವಳ ತಲೆ ನರೆಯುವ ಹೊತ್ತಿಗೆ, ಎಂಥ ಬಿಸಿಲಿಗೂ ಒಂಟಿ ಹಣ್ಣನ್ನೇ ಬಿಡುವ ತಳಿ ಕೈಗೆ ಬಂತು. ಊರೆಲ್ಲ ಅದನ್ನೇ ನೆಟ್ಟಿತು.

ಈ ಸಲ ಹಣ್ಣಿನ ಕಾಲಕ್ಕೆ ನೆರೆಮನೆಯ ಸಾನೊಬರ್ ಅಜ್ಜಿ ಹೊಸ ಸೊಸೆಯನ್ನು ಕರೆತಂದಳು.

"ಅವಳಿ ಹಣ್ಣು ತಿಂದ್ರೆ ಅವಳಿ ಮಕ್ಕಳಾಗ್ತವೆ ಅಂತಾರೆ. ಊರಲ್ಲಿ ಒಂದಾದ್ರೂ ಉಳಿಸಿದೀಯೇನೆ? ಅವಳಿಯಾಗಿ ಹುಟ್ಟಿ ಅವಳಿ ವಂಶಾನೇ ತೆಗೆದ್ಯಲ್ಲೇ."

"ಅದೆಲ್ಲ ಸುಳ್ಳು ಕಣಜ್ಜಿ," ಎಂದು ರೇಗಿದ ಅಕ್ಕ, ಆದರೂ ಸೊಸೆಯ ಕೈ ಹಿಡಿದು ಹಿಂದಿನ ಗೋಡೆಯತ್ತ ನಡೆದಳು. ಅಲ್ಲೊಂದು ಮುದಿ ಮರ, ಮೈತುಂಬ ಅವಳಿ ಹಣ್ಣು. ತೋಟದ ಮರ ಕಡಿಯುವವನು ನಾನೇ. ಇದರ ಸುದ್ದಿಯನ್ನು ಅಕ್ಕ ಎಂದೂ ಎತ್ತಿರಲಿಲ್ಲ.

"ಇದನ್ನ ಯಾಕಕ್ಕ ಬಿಟ್ಟೆ?" ಎಂದೆ.

ಅಕ್ಕ ಕೊಂಬೆ ಬಗ್ಗಿಸಿ ಸೊಸೆಯ ಕೈಗೆ ಕೊಟ್ಟಳು.

"ಇವಳು ಫಾತಿಮಾ," ಎಂದಳು. "ನಮ್ಮಕ್ಕನ್ನ ಕಡಿಸೋಕಾಗತ್ತೇನೋ?"